ಗ್ರೇಟ್ ಫಾಲ್ಸ್, ಬೆಳಗಿನ ಪಾಳಿ

ನಾಲ್ಕೂವರೆಗೆ ಬಾಗಿಲು ತೆರೆಯುತ್ತೇವೆ.
ಹೊರಗೆ ಗಾಳಿ, ಮೊಂಟಾನಾದ ಗಾಳಿ,
ಬಾವುಟದ ಹಗ್ಗವನ್ನು ರಾತ್ರಿಯಿಡೀ
ಕಂಬಕ್ಕೇ ಬಡಿಯುವ ಗಾಳಿ.
ಒಳಗೆ ನಾನು, ಎತ್ತರದ ಸ್ಟೂಲು,
ಅಂಗೈಯಗಲ ನೀಲಿ ಬೆಳಕು,
ಕಾರ್ಡು ನುಂಗಿ ಉಗುಳುವ ಒಂದು ಯಂತ್ರ.

ಮೊದಲ ವಿಮಾನಕ್ಕೆ ಹೆಚ್ಚೆಂದರೆ ಅರವತ್ತು ಜನ.
ಗೋಧಿ ಬೆಳೆಯುವವರು, ವಾಯುನೆಲೆಯ ಹುಡುಗರು,
ಮೊಣಕಾಲಿನ ಆಪರೇಷನ್ನಿಗೆ ಸಿಯಾಟಲ್‌ಗೆ ಹೊರಟವರು.
ಅರ್ಧಕ್ಕರ್ಧ ಮಂದಿಯ ನಾಯಿಯ ಹೆಸರೂ ನನಗೆ ಗೊತ್ತು.
ಆದರೂ ಕೈ ಚಾಚುತ್ತೇನೆ: ಕಾರ್ಡು.
ಮುಖ ನೋಡಿ ಮಣೆ ಹಾಕುವ ಕಾಲ ಹೋಯಿತು,
ಈಗ ಕಾರ್ಡು ನೋಡಿ ಮುಖ.

ಆ ಮಂಗಳವಾರ ಸಾಲಿನಲ್ಲಿ ನಾಲ್ಕನೆಯವರು
ಇಂಗೆಬೋರ್ಗ್ ಟೊಲೆಫ್ಸನ್.
ಎಪ್ಪತ್ತೆಂಟು. ಕಂದು ಕೋಟು. ಕೈಯಲ್ಲಿ ಟಿಕೆಟ್ಟು ಮಾತ್ರ.
ಕಳೆದುಹೋಯಿತೇ ಎಂದು ದಾರಿ ತೋರಿಸಿದವನೂ ನಾನೇ,
ಕಳೆದುಕೊಂಡವರಿಗೆ ಒಂದು ಫಾರ್ಮಿದೆ, ನಾಲ್ಕು ಪ್ರಶ್ನೆಗಳಿವೆ.
"ಇಲ್ಲ, ಪರ್ಸಿನಲ್ಲಿದೆ. ತೋರಿಸುವುದಿಲ್ಲ."

ಅಷ್ಟೇ. ದನಿ ಏರಲಿಲ್ಲ.
"ಚೀಲ ಬಿಚ್ಚಿ ನೋಡು. ಶೂ ಕಳಚುತ್ತೇನೆ.
ಕೈ ಎತ್ತು ಅಂದರೆ ಎತ್ತಿ ನಿಲ್ಲುತ್ತೇನೆ.
ಚಾಕು ಇದೆಯೇ ಎಂದು ಕೇಳುವುದು ನಿನ್ನ ಕೆಲಸ,
ಯಾರು ನೀನು ಎಂದು ಕೇಳುವುದು ಯಾರ ಕೆಲಸ?
ಆ ನಿಯಮ ಎಲ್ಲಿ ಬರೆದಿದೆ, ಕೊಡು,
ಓದಲು ನನಗೆ ಬರುತ್ತದೆ."

ಹಿಂದಿನವರು ನಕ್ಕರು. ನನಗೆ ನಗು ಬರಲಿಲ್ಲ.
ನಿಯಮವಿದೆ ಎಂದು ನನಗೆ ಹೇಳಿದ್ದಾರೆ.
ಅದರ ಹಾಳೆಯನ್ನು ನಾನು ಕಂಡಿಲ್ಲ,
ಕಂಡಿದ್ದರೂ ತೋರಿಸುವಂತಿಲ್ಲವಂತೆ.
ಅವರ ಗುಟ್ಟು ಗುಟ್ಟಾಗಿರಬೇಕು,
ಈಕೆಯದು ನನ್ನ ದೀಪದಡಿ ಅಂಗಾತ ಮಲಗಬೇಕು.
ಇದು ಹೊಳೆದದ್ದು ಆಮೇಲೆ,
ಸ್ಯಾಂಡ್‌ವಿಚ್ಚು ಅರ್ಧ ತಿಂದಾಗ.

"ಅಜ್ಜಿ, ಬಚ್ಚಿಡೋಕೆ ಏನಿದೆ ನಿಮ್ಮ ಹತ್ರ?"
ಹಿಂದಿದ್ದ ಹುಡುಗ, ಗಡಿಯಾರ ನೋಡುತ್ತ.
"ಏನೂ ಇಲ್ಲಪ್ಪ.
ನಿಮ್ಮನೆ ಬಚ್ಚಲಿಗೆ ಬಾಗಿಲಿದೆ ತಾನೆ?"

ಇಷ್ಟು ಹೊತ್ತು ನಾನು ಬಾಯಿಬಿಡದ್ದು ಇನ್ನೊಂದಿದೆ.
ಅವರು ನನಗೆ ಗೊತ್ತು.
ಮೂವತ್ತೊಂದು ವರ್ಷ ಊರ ಲೈಬ್ರರಿಯಲ್ಲಿ
ವಾಯಿದೆಯ ಮೊಹರು ಒತ್ತುತ್ತ ಕೂತವರು.
ನನಗಾಗ ಹದಿನಾರು. ಒಂದು ಪುಸ್ತಕ ಒಯ್ದಿದ್ದೆ,
ಹಾಸಿಗೆಯಡಿ ಇಡುವಂಥದ್ದು.
ಅಪ್ಪ ಪಾದ್ರಿ. ಯಾರೋ ಕಿವಿ ಕಚ್ಚಿದ್ದರು.
ಬಂದು ಮೇಜು ಗುದ್ದಿದ: ನನ್ನ ಮಗ ಏನು ಓದುತ್ತಾನೆ,
ಆ ರಿಜಿಸ್ಟರು ಇತ್ತ ತಿರುಗಿಸು.
ಇದೇ ದನಿ. "ತೋರಿಸುವುದಿಲ್ಲ."
ಭೂಪಟಗಳ ಕಪಾಟಿನ ಹಿಂದೆ ನಿಂತಿದ್ದೆ ನಾನು,
ಅಂಗಿ ಬೆನ್ನಿಗೆ ಅಂಟಿತ್ತು.

ಯಾವ ಪುಸ್ತಕ?
ನಿಮಗೂ ಹೇಳುವುದಿಲ್ಲ.

"ಇವರು ನನಗೆ ಗೊತ್ತು" ಎಂದೆ ಮೇಲಧಿಕಾರಿಗೆ.
ಡ್ವೇನ್ ಕೆಟ್ಟವನಲ್ಲ,
ಮಗಳ ಹಲ್ಲಿನ ತಂತಿಗೆ ಸಾಲ ಮಾಡಿದವನು.
"ಗೊತ್ತು ಅನ್ನೋದಕ್ಕೆ ಪರದೆಯಲ್ಲಿ ಜಾಗ ಎಲ್ಲಿದೆ?
ನಾಳೆ ಇನ್ನೊಬ್ಬ ಬಂದು ಇದನ್ನೇ ಅಂದರೆ?
ಆ ವಿಮಾನದಲ್ಲಿ ನನ್ನ ಹೆಂಡತಿ ಇದ್ದರೆ?"
ಅದಕ್ಕೂ ನನ್ನ ಬಳಿ ಮಾತಿರಲಿಲ್ಲ.
ಅವನ ಹೆಂಡತಿಯ ಕಡುಬಿನ ರುಚಿ ನಾನು ಬಲ್ಲೆ.

ಐದೂಐವತ್ತಕ್ಕೆ ವಿಮಾನ ಎದ್ದಿತು, ಒಂದು ಸೀಟು ಖಾಲಿ.
ಎಲ್ಲಿಗೆ ಹೊರಟಿದ್ದರು, ಮದುವೆಗೋ ಮಣ್ಣಿಗೋ,
ಟಿಕೆಟ್ಟಿನಲ್ಲಿ ಅರ್ಧ ಇತ್ತು. ಉಳಿದರ್ಧ ನಾನು ಕೇಳಲಿಲ್ಲ.
ಹೋಗುವ ಮುನ್ನ ನನ್ನೆದೆಯ ಬಿಲ್ಲೆ ನೋಡಿದರು,
ಹೆಸರು ಓದಿದರು, ನಿಧಾನ, ಬೆನ್ನುಪಟ್ಟಿ ಓದುವಂತೆ.
ಗುರುತು ಸಿಕ್ಕಿತೋ ಇಲ್ಲವೋ,
ಮುಖ ಏನನ್ನೂ ಬಿಟ್ಟುಕೊಡಲಿಲ್ಲ.

ಕಿಟಕಿಯಾಚೆ ಅವರ ಹಳೆಯ ಪಿಕಪ್ಪು,
ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜು.
ಪರ್ಸು ತೆರೆದರು.
ಕಾರ್ಡು ತೆಗೆದರು.
ಅದರ ಅಂಚಿನಿಂದ
ಕೆರೆಯತೊಡಗಿದರು.