ಖಾರಾ ಕುಟ್ಟಿದ ಬ್ಯಾಸಗಿ

ಗಿರಣಿ ಬಂದ್. ಮಾರ್ಕೆಟ್ ಬಂದ್.
ಬ್ಯಾಡಗಿಯೊಳಗಿದ್ದು ಖಾರಾ ಇಲ್ಲದ ಹೆಂಗ ಇರೂದು ಅಂತ
ಅವ್ವ ಅಟ್ಟದ ಮ್ಯಾಲಿನ ಒನಕಿ ಇಳಿಸಿದ್ಲು,
ಜ್ಯಾಡ ಹೊಡದ್ಲು, ತುದಿಯ ಕಬ್ಬಿಣದ ಬಳಿ ತಿಕ್ಕಿದ್ಲು.
"ಅತ್ತಿಯವರ ಕಾಲದ್ದು," ಅಂದ್ಲು.
"ನನ್ನ ಕಾಲ ಇನ್ನೂ ಮುಗದಿಲ್ಲ,"
ಹೊರಸಿನ ಮ್ಯಾಲಿಂದ ಆಯಿ.

ಖಾದರಸಾಬ ನಸುಕಿನ್ಯಾಗ, ಪೊಲೀಸರು ಏಳೂಕಿಂತ ಮುಂಚೆ,
ಒಂದು ಚೀಲ ಕಡ್ಡಿಕಾಯಿ ಸೈಕಲ್ ಮ್ಯಾಲ ಹೇರಿಕೊಂಡು ಬಂದು
ಕಟ್ಟಿಗೆ ಒರಗಿಸಿದ.
ವರ್ಷಾ ಒಳಗ ಬಂದು ಚಾ ಕುಡದು ಹೋಗಾಂವ
ಈ ಸಲ ಅಂಗಳದಾಗ ನಿಂತ.
ಹಮಾಲಿ ಕೊಡಾಕ ಹೋದ್ರ
"ನೋಟು ಮುಟ್ಟೂದು ಬ್ಯಾಡ ಅಕ್ಕಾ, ಆಮ್ಯಾಲ" ಅಂದ.
ಅವ್ವ ಅದನ್ನ ಮಾಡದಾಗ, ಎಣ್ಣಿ ಬಾಟ್ಲಿ ಕೆಳಗ ಇಟ್ಲು.

ದಲಾಲಿ ಅಂಗಡಿಯ ಲೆಕ್ಕ ಬರಿಯೂ ಅಪ್ಪ
ಈಗ ತುಂಬು ಬಿಡಿಸಿದ, ಬಿಡಿಸಿದ್ದನ್ನ ಎಣಿಸಿದ.
"ಸಾವಿರದ ನಾಕನೂರಾ ಹನ್ನೆರಡು" ಅಂದ.
ಯಾರೂ ಕೇಳಿದ್ದಿಲ್ಲ.
ಮಾಲತೇಶ ಮನಿಗೆಲ್ಲಾ ಇದ್ದ ಒಂದು ಮೊಬೈಲ್
ಕಿಡಕಿ ಸರಳಿಗೆ ಕಟ್ಟಿ ಕುಂತ.
ಮಾಸ್ತರು ಬಂದ್ರು, ಬಾಯಿ ತೆರದ್ರು,
ಹಂಗ ಕಲ್ಲಾದ್ರು.
ಕಾಕಾ ಲಾರಿ ಜೋಡಿ ಗುಂಟೂರಿನ್ಯಾಗ ಸಿಕ್ಕೊಂಡಿದ್ದ.

"ನಮ್ಮೂರ ಕಾಯಿ ಬಣ್ಣಕ್ಕ, ಖಾರಕ್ಕಲ್ಲ," ಅಂತಾಳ ಆಯಿ.
ಆದ್ರ ಬಾಣಲ್ಯಾಗ ಬಿದ್ದದ್ದ ತಡ
ಮನಿ ಅಂಬೋ ಮನಿ ಸೀನಿತು.
ಆಯಿ ಮೂರು ಸಲ, ಅಪ್ಪ ಟವೆಲ್ಲಿನ್ಯಾಗ,
ಮಾಲತೇಶ ಮ್ಯೂಟ್ ಮಾಡೂದು ಮರತು
ಇಡೀ ಹತ್ತನೇತ್ತಕ್ಕ ಕೇಳೂಹಂಗ.
ಬಾಜೂ ಮನಿ ಕಿಡಕಿ ದಪ್ ದಪ್ ಮುಚ್ಚಿದ್ವು.
ಅದ ಹೊತ್ತಿಗೆ ಬಾಗಲದಾಗ ಆಶಾ ಲಲಿತಕ್ಕ, ಕೈಯಾಗ ರಿಜಿಸ್ಟರ್:
"ಯಾರಿಗ್ಯರ ಕೆಮ್ಮು, ನೆಗಡಿ?"
"ಮೆಣಸಿನಕಾಯಿ ರೀ ಅಕ್ಕಾರ, ಮೆಣಸಿನಕಾಯಿ!"
ಆಕೀನೂ ಸೀನಿದ್ಲು. ನಕ್ಕಳು.
ಆಮ್ಯಾಲ ಒಲಿ ಕಡೆ ನೋಡಿದ್ಲು.

ಹುರಿಯಾಕ ಕುಂತಿದ್ದ ಕಸ್ತೂರಿ ಚಿಗವ್ವ
ಒಬ್ಬಾಕಿ
ಸೀನಿರಲಿಲ್ಲ.
ಮಾರಿ ತಿರುವಿರಲಿಲ್ಲ.
ಹೊತ್ತಿದ ಕಾಯಿ ಹೊತ್ತದ ಕಾಯಿ ಎಲ್ಲಾ ಒಂದ ಅನ್ನೂಹಂಗ
ಸುಮ್ಮನ ಕೈಯಾಡಿಸಾಕತ್ತಿದ್ಲು.

ಆವತ್ತ ಸಂಜಿಗೆ ಜ್ವಾಳದ ಖೋಲಿ ಆಕೀದಾತು.
ಒನಕಿಯ ಇನ್ನೊಂದು ಕೈ ನಂದಾತು.
ಅವ್ವ ಎತ್ತಿದಾಗ ನಾನೂ ಎತ್ತಿದೆ, ಎರಡೂ ಬಡದಾಡಿದ್ವು.
ಮುಂಜಾನೆಗೊಮ್ಮೆ ಕಿಡಕಿಯಾಗ ಕೈ ಇಟ್ಟು ಕೇಳತಿದ್ದೆ.
ಕರ್ಪೂರ? ಇಲ್ಲ.
ದುಂಡುಮಲ್ಲಿಗಿ? ಇಲ್ಲ.
ಮಾಲತೇಶನ ಸಾಕ್ಸು? ನಗು ಬಂತು, ವಾಸನಿ ಬರಲಿಲ್ಲ.
ಕಾಕಾ ಫೋನಿನ್ಯಾಗ "ಏನು ಉಂಡಿ?" ಅಂದ್ರ
"ಬಿಸೀದು" ಅಂತಿದ್ಲು.

ಅಪ್ಪ ಬೆರಳಿಗೆ ಹಾಕೂ ಮಶೀನು ತಂದ.
ಅಂಗಡಿ ವಹಿಯ ಜಮಾ ಬದಿಗೆ ಬರದ:
ತೊಂಬತ್ತಾರು. ತೊಂಬತ್ನಾಕು. ತೊಂಬತ್ನಾಕು.
ಒಂದು ರಾತ್ರಿ ಬರದು
ತೋರಿಸದ ಮುಚ್ಚಿ ತಲಿಗಿಂಬಿನ ಕೆಳಗ ಇಟ್ಕೊಂಡ.

ಹನ್ನೊಂದನೇ ದಿನ, ಒಲಿ ಮ್ಯಾಲ ಹಾಲಿಟ್ಟು
ಅವ್ವ ನಳದ ನೀರಿಗೆ ಹೋಗಿದ್ಲು.
ಖೋಲಿಯೊಳಗಿಂದ ಒಂದು ಚೀರು:
"ಯಾರದಿರೇ ಅಲ್ಲಿ? ಹಾಲು ತಳಾ ಹತ್ತಾಕತ್ತೇತಿ!"

ಒಬ್ಬರೂ ಒಲಿ ಕಡೆ ಓಡಲಿಲ್ಲ.
ಎಲ್ಲಾರೂ ಖೋಲಿ ಬಾಗಲದಾಗ.
ಹಾಲು ಪೂರ್ತಿ ಹತ್ತಿತು.
ಆ ಬೋಗಾಣಿಯನ್ನ ಅವ್ವ ಮೂರು ದಿನ ತಿಕ್ಕಿದ್ಲು.
ಬೈಯಲಿಲ್ಲ.

ಮಿರಗದ ಮಳಿಗೆ ಮುಂಚೆ ಖಾರಾ ಬರಣಿಗೆ ತುಂಬಿದ್ವಿ.
ಅಷ್ಟು ಸಣ್ಣಾಗಿರಲಿಲ್ಲ, ನನ್ನ ಕೈಯಿಂದು.
ಮಾಡದಾಗಿನ ನೋಟಿಗೆ ಎಣ್ಣಿ ಕಲಿ ಬಿದ್ದಿತ್ತು.
ಇಸಗೊಳ್ಳಾಕ ಖಾದರಸಾಬನ ಮಗ ರಿಯಾಜ ಬಂದ,
ಅಪ್ಪನ ಸೈಕಲ್ ಮ್ಯಾಲ.
ಕಾಲು ನೆಲಾ ಮುಟ್ಟತಿರಲಿಲ್ಲ.
ಅವ್ವ ರೊಕ್ಕ ಕೊಟ್ಲು, ಒಂದು ಡಬ್ಬಿ ಖಾರಾ ಕೊಟ್ಲು.
ಮುಚ್ಚಳ ತೆರದು ಮೂಸಿದ.
ಸೀನಿದ. ಮತ್ತೊಮ್ಮೆ ಸೀನಿದ.
ತೋಳಿಗೆ ಕಣ್ಣು ಒರಸಿಕೊಂತ
"ಮೆಣಸಿನಕಾಯಿ ರೀ ಅಕ್ಕಾರ," ಅಂದ,
"ಮೆಣಸಿನಕಾಯಿ."

"ಹೌದಪಾ," ಅಂದ್ಲು ಅವ್ವ.
"ಈ ವರ್ಷದ್ದು ಭಾಳ ಖಾರ ಐತಿ."