ಇಪ್ಪತ್ತೊಂದು ದಿನದ ನಡುವ

ಡಾಕ್ಟರಮ್ಮ ಚೀಟಿ ಹಿಂದ ಬರದಾಳ:
ದಿನಾ ಒಂದು ತಾಸು ನೀರು ನೋಡು, ಗಿಡ ನೋಡು.
ಯಾವ ಮೆಡಿಕಲ್‌ನಾಗ ಸಿಗತದ್ರಿ ಇದು, ಅಂದೆ.
ಆಕಿ ನಗಲಿಲ್ಲ. ಕೆಳಗ ಸಹಿ ಮಾಡಿದಳು.

ಹನ್ನೊಂದು ವರ್ಷ ಬೋನಾಳಕ್ಕ ಟಿಕೆಟ್ ಹರದು ಕೊಟ್ಟಾಕಿ ನಾನು.
ಸ್ಟಾಪ್ ಬಂತಂದ್ರ ಸೀಟಿ, ಚಿಲ್ಲರ, ಮುದುಕೇರ ಗಂಟು,
ಬುಟ್ಟಿಯಾಗಿನ ಕೋಳಿಗೂ ಅರ್ಧ ಟಿಕೆಟ್.
ಕೆರಿ ಅಂದ್ರ ಕಿಟಕಿಯಾಚೆ ಹೊಳದು ಹೋಗೋ
ಒಂದು ಬಿಳಿ ಗೆರಿ, ಅಷ್ಟೇ.

ಈಗ ಇಪ್ಪತ್ತೊಂದು ದಿನಕ್ಕೊಮ್ಮೆ ಕಲಬುರಗಿ.
ಅದೇ ಖಾಕಿ ಮಂದಿ, ನಾ ಮಾತ್ರ ಪ್ಯಾಸೆಂಜರ್.
ಡೀಸೆಲ್ ವಾಸನಿಗೆ ಹೊಟ್ಟಿ ತೊಳಸತದ,
ಹನ್ನೊಂದು ವರ್ಷ ಅದೇ ನನ್ನ ಅತ್ತರ ಇತ್ತು.
ಕೆಂಪು ಔಷಧ ಇಳಿವಾಗ ನರ್ಸ್ ಕೇಳಿದಳು,
ಬಾಯಾಗ ಏನು ಎಣಸತೀರಿ?
ಹನಿ, ಅಂದೆ. ಎಣಸಲಾರದ ಇರಾಕ ಬರಂಗಿಲ್ಲ ನನಗ.

ಮನಿಗೆ ಬಂದ ನಾಕನೇ ದಿನ ನಾಲಿಗಿ ಮ್ಯಾಲೆ ತುಕ್ಕು.
ಐದನೇ ದಿನ ರೊಟ್ಟಿ ಅಂದ್ರ ರಟ್ಟು.
ಆರನೇ ದಿನ ಕೆರಿ ಏರಿ ಹತ್ತತೀನಿ.

ಅಲ್ಲಿ ಮೊದಲೇ ಬಂದಿರತಾಳ ರಂಗಂಪೇಟಿ ಹುಸೇನಬಿ,
ಗರ್ಭಚೀಲ ತೆಗಿಸಿದಾಕಿ, ಗೋಣಿಚೀಲ ಹಾಸಿಕೊಂಡು.
"ಒಂದು ಚೀಲ ಹೋಯ್ತು, ಇನ್ನೊಂದರ ಮ್ಯಾಲೆ ಕುಂತೀನಿ."
ಆಕೀ ಜೋಕಿಗೆ ಆಕೀನೇ ಮೊದಲು ನಗತಾಳ.
ಮಾನಪ್ಪ ಬಡಿಗೇರನ ದವಡಿ ಗುಟಕಾ ತಿಂದದ,
ಮಗಳ ಪಾಟಿ ಮ್ಯಾಲೆ ಬರದು ಮಾತಾಡತಾನ.
ಮೊದಲ ದಿನ ಬರದಿದ್ದ:
ಈ ಜಾಲಿ ಬಾಗಿಲಕ್ಕ ಬರಂಗಿಲ್ಲ, ಬೇಲಿಗಷ್ಟೇ.
ಮರುವಾರ:
ಆದ್ರ ನೆರಳು ಛಲೋ ಅದ.

ಅಲ್ಲಿ ರೋಗದ ಮಾತು ಆಡಂಗಿಲ್ಲ ಅಂತಲ್ಲ. ಆಡತೀವಿ.
ಕಟ್ಟಿದ ಹೊಟ್ಟಿ, ಕರ್ರಗಾದ ಉಗುರು,
ಗಂಡ ಬ್ಯಾರೆ ಕೋಣ್ಯಾಗ ಮಂಚ ಹಾಕ್ಕೊಂಡಿದ್ದು.
ನಡುವ ಒಂದು ಮಿಂಚುಳ್ಳಿ ನೀರಿಗೆ ಬೀಳತದ.
ಮಾತು ಅಲ್ಲೇ ನಿಲ್ಲತದ.
ಮೀನ ಸಿಕ್ಕಿತೋ ಇಲ್ಲೋ, ಮೊದಲು ಅದು.

ಎಳ್ಳಮಾಸಿ ಮುಗದು ನಾಕು ದಿನಕ್ಕ ಇಳದವು,
ಹಿಮದ ಗುಡ್ಡ ದಾಟಿ ಬಂದ ಹೆಬ್ಬಾತು.
ವಾಚರ್ ಅಂಬ್ಲಪ್ಪ ದುರ್ಬೀನು ಕೊಟ್ಟ.
ಬಿಳಿ ಬೋಳು ತಲಿ, ಹಿಂದ ಎರಡು ಕರೀ ಗೆರಿ,
ರೇಡಿಯೇಶನ್ ಕೊಡಾಕ ಹುಸೇನಬಿ ಹೊಟ್ಟಿ ಮ್ಯಾಲೆ
ಗುರುತು ಹಾಕ್ಯಾರಲ್ಲ, ಹಂಗ.
ಸುಮ್ಮನ ಸೆರಗು ಸರಿಸಿದೆ.
ಗಾಳಿ ನೆತ್ತಿಗೆ ಹತ್ತಿತು.
ನಾಕು ತಿಂಗಳಾಗಿತ್ತು, ಯಾರೂ ನನ್ನ ತಲಿ ಮುಟ್ಟಿ.

ಎಣಿಸಿದೆ. ಎರಡು ನೂರ ಹದಿನಾರು.
ಅಂಬ್ಲಪ್ಪನ ಲೆಕ್ಕ ಎರಡು ನೂರ ಹತ್ತು.
ಕಂಡಕ್ಟರ್ ಲೆಕ್ಕ ತಪ್ಪಂಗಿಲ್ಲೋ ತಮ್ಮಾ, ಮತ್ತ ಎಣಸು.
ಎಣಿಸಿದ. ಆರು ಆಪಿನ ಹಿಂದ ಮಲಗಿದ್ವು,
ಟಿಕೆಟ್ ತಗೀಲಾರದ ಹಿಂದಿನ ಸೀಟಿನಾಗ
ನಿದ್ದಿ ಹೊಡಿಯೋ ಮಂದಿ ಗತೆ.
ರಿಜಿಸ್ಟರಿನಾಗ ಬರದ: ದೇವಿಕೆಮ್ಮ, ಎಣಿಸಿದವರು.
ಆಸ್ಪತ್ರಿ ಫೈಲಿನಾಗ ನನ್ನ ಹೆಸರಿನ ಮುಂದ
ಬ್ಯಾರೆ ಏನೇನೋ ಅದ.

ಕೆರಿ ಗುಣಾ ಮಾಡತದ ಅಂತ ನಾ ಹೇಳಂಗಿಲ್ಲ.
ಅದು ಸೂಜಿ ಮಾಡಬೇಕಾದ ಕೆಲಸ, ಮಾಡಿದ್ರ.
ನೀರು ನೋಡಿ ಗಂಟು ಕರಗಂಗಿಲ್ಲ.
ಆದ್ರ ಆ ಒಂದು ತಾಸು
ಗಂಟಿನ ಕಡಿ ನನ್ನ ಕೈ ಹೋಗಲಿಲ್ಲ.
ಮನಿಗೆ ಬಂದು ಸಜ್ಜಿ ರೊಟ್ಟಿ ಮುರದೆ,
ಪುಂಡಿ ಪಲ್ಯದ ಹುಳಿ
ದೂರದಿಂದ, ಸಂತಿಯಾಗ ಯಾರೋ ಹೆಸರು ಕರದಂಗ,
ನಾಲಿಗಿಗೆ ಬಂತು.

ಶಿವರಾತ್ರಿ ಆದ ಮ್ಯಾಲೆ ಮಾನಪ್ಪ ಬರಲಿಲ್ಲ.
ಮುಂದಿನ ವಾರನೂ.
ಜಾಲಿ ನೆರಳಿನಾಗ ಅವನ ಜಾಗಾ ಬಿಟ್ಟು ಕುಂತ್ವಿ.
ಸಂಜಿಮುಂದ ಅವನ ಮಗಳು ಬಂದ್ಳು, ಓಡಿ ಬಂದಿದ್ಳು,
ಪಾಟಿ ಎದಿಗೆ ಅವಚಿಕೊಂಡು, ಅಕ್ಷರ ಅರ್ಧ ಅಳಕಿ:
ಇವತ್ತ ಎಷ್ಟು?

ಬಹಳಷ್ಟು ಎದ್ದು ಹೋಗಿದ್ವು ಉತ್ತರಕ್ಕ.
ನಾ ಎಣಿಸಿದೆ, ಹುಸೇನಬಿ ಎಣಿಸಿದಳು,
ಹುಡುಗಿ ಬೆರಳು ಮಡಚಿ ಎಣಿಸಿದಳು.
ಮೂರೂ ಬ್ಯಾರೆ ಬ್ಯಾರೆ ಬಂದವು.
ದೊಡ್ಡದನ್ನೇ ಬರದು ಕಳಸಿದ್ವಿ.