ಹೈಪೋ

ಫೋಟೋ ಹಳದಿಯಾದರೆ ಬಿಸಿಲನ್ನು ಬೈಯುತ್ತಾರೆ,
ಗೋಡೆಯ ತೇವವನ್ನು ಬೈಯುತ್ತಾರೆ.
ತೊಳೆದವನನ್ನು ಯಾರೂ ಬೈಯುವುದಿಲ್ಲ.
ನಾನೂ ನೆನಪಿಸಲು ಹೋಗುವುದಿಲ್ಲ.

ಕಾಗದ ಡೆವಲಪರಿನಲ್ಲಿ ಕಣ್ಣು ಬಿಟ್ಟು
ಹೈಪೋದಲ್ಲಿ ನೆಲೆ ನಿಂತು, ಆಮೇಲೆ
ಅರ್ಧ ಗಂಟೆ ಹರಿಯುವ ನೀರಿನಲ್ಲಿ ಮೀಯಬೇಕು.
ಮುಖ ನಿಲ್ಲಿಸಿದ ಮದ್ದೇ
ಒಳಗುಳಿದರೆ ಮುಖ ತಿನ್ನುತ್ತದೆ.
ನಿಧಾನಕ್ಕೆ. ಹತ್ತು ವರ್ಷ, ಹದಿನೈದು.
ಮೊದಲು ಬಿಳಿ ಪಂಚೆ ಟೀ ಬಣ್ಣಕ್ಕೆ ಬರುತ್ತದೆ,
ಆಮೇಲೆ ಹಣೆ.

ಎಂಬತ್ತಾರರಲ್ಲಿ ಪಂಪಿನ ಮೋಟಾರು ಸುಟ್ಟು
ಮಂಡ್ಯ ಪೇಟೆಬೀದಿಯ ನಲ್ಲಿಗಳಲ್ಲಿ
ನಾಲ್ಕು ತಿಂಗಳು ಬರೀ ಗಾಳಿ.
ಕಾಫಿಪುಡಿ ಅಂಗಡಿಯ ಮೇಲಿನ ನನ್ನ ಸ್ಟುಡಿಯೋದಲ್ಲಿ
ಪರದೆಗೆ ಬಳಿದ ಕಾರಂಜಿ ಮಾತ್ರ ಚಿಮ್ಮುತ್ತಿತ್ತು.
ಅದರ ಮುಂದೆ ನಿಂತು ನಕ್ಕವರನ್ನೆಲ್ಲ
ಒಂದೇ ಬಕೆಟ್ಟಿನಲ್ಲಿ ಅದ್ದಿ ಎತ್ತಿದೆ:
ವೈಶಾಖದ ಎಂಟು ಮದುವೆ,
ಎಸ್ಸೆಸ್ಸೆಲ್ಸಿ ಪಾಸಾದ ಅವಳಿ ಹುಡುಗರು,
ಸಕ್ಕರೆ ಫ್ಯಾಕ್ಟರಿ ಕ್ವಾರ್ಟರ್ಸಿನ
ಕಿವುಡ ಫಿಟ್ಟರ್ ಮತ್ತವನ ಹೊಸ ಸೈಕಲ್ಲು,
ನನ್ನ ಮಗಳ ತೊಟ್ಟಿಲ ಶಾಸ್ತ್ರ.
ಒಣಗಿದ ಮೇಲೆ ಎಲ್ಲವೂ ಚೆನ್ನಾಗಿಯೇ ಇದ್ದವು.
ದುಡ್ಡು ಎಣಿಸಿಕೊಂಡೆ.

ಆಗ ಬಂದವಳು ಬೂದನೂರಿನ ಮಂಚಮ್ಮ.
ಒಬ್ಬಳೇ, ಸೆರಗಿನ ಗಂಟಿನಲ್ಲಿ ಹದಿನೆಂಟು ರೂಪಾಯಿ.
"ನಮ್ಮನೇರ್ದು ಒಂದ್ ಪೋಟ ಇಲ್ಲ ಕನಪ್ಪ.
ಪಿತೃಪಕ್ಸದಲ್ಲಿ ಪಂಚೆ ಮಡಚಿಟ್ಟು ಎಡೆ ಇಕ್ತೀವಿ.
ಯಾರ್ಗವ್ವ ಇದು ಅಂತ ಮಕ್ಳು ಕೇಳ್ತವೆ.
ನಂದಾದ್ರೂ ಇರ್ಲಿ, ಸತ್ಮೇಲಕ್ಕೆ."
ಸ್ವಲ್ಪ ನಗಿ ಎಂದೆ.
"ಸತ್ತೋರು ನಗ್ತಾರಾ?" ಎಂದಳು.
ಕ್ಯಾಮೆರಾವನ್ನು
ತೂಕದಲ್ಲಿ ಮೋಸ ಮಾಡಿದವನನ್ನು ನೋಡುವಂತೆ ನೋಡಿದಳು.
ಏಳುವಾಗ ಕೇಳಿದ್ದು ಒಂದೇ:
"ಎಷ್ಟ್ ವರ್ಸ ಬಾಳ್ತದೆ?"
"ನೂರು." ಬಾಯಿಗೆ ಬಂದ ಲೆಕ್ಕ.

ರಾತ್ರಿ ಕೆಂಪು ಬಲ್ಬಿನ ಕೆಳಗೆ
ಮೊದಲು ಕಣ್ಣಪಾಪೆ ಬಂತು, ಆಮೇಲೆ ಸೆರಗಿನ ಅಂಚು,
ಕೊನೆಗೆ ಆ ಬರಿಗೊರಳು.
ಬಕೆಟ್ಟಿನ ಕಡೆ ಹೋದ ಕೈ ನಿಂತಿತು.
ಮನೆಗೆ ಹೋಗಿ,
ಓಣಿಯ ಬಾವಿಯಿಂದ ಅತ್ತೆ ಸೇದಿ ತಂದು
ಬಾಣಂತಿಗೆ ಎರೆಯಲು ಮುಚ್ಚಿಟ್ಟಿದ್ದ ಎರಡು ಕೊಡ
ಕಳ್ಳನ ಹಾಗೆ ಎತ್ತಿಕೊಂಡು ಬಂದೆ.
ಚೊಂಬು ಚೊಂಬಾಗಿ
ಮಂಚಮ್ಮನ ಮುಖದ ಮೇಲೆ ಸುರಿದೆ.
ಬೆಳಿಗ್ಗೆ ಅತ್ತೆ ಆಡಿದ ಮಾತು ಇಲ್ಲಿ ಬೇಡ.

ಈಗ ಆ ವರ್ಷದವರು ಒಬ್ಬೊಬ್ಬರೇ ಬರುತ್ತಾರೆ,
ಪ್ಲಾಸ್ಟಿಕ್ ಕವರಿನಲ್ಲಿ ಅಪ್ಪ ಅಮ್ಮನನ್ನು ಹಿಡಿದು.
"ಎಂಬತ್ತಾರು ಅಲ್ಲವಾ?" ಎನ್ನುತ್ತೇನೆ.
"ಅರೆ! ನೋಡಿದ ಕೂಡಲೇ ಹೇಳಿಬಿಟ್ಟಿರಲ್ಲ!"
ಕಾಫಿ ತರಿಸುತ್ತೇನೆ. ಸ್ಕ್ಯಾನಿಗೆ ಕಾಸು ಕೇಳುವುದಿಲ್ಲ.
ಕೈಗುಣ ದೊಡ್ಡದು ಎಂದು ಹೊಗಳಿ ಹೋಗುತ್ತಾರೆ.
ಮನೆಯ ಬೀರುವಿನಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿ
ಮಗಳ ತೊಟ್ಟಿಲ ಮೇಲೆ ಬೆಲ್ಲದ ಪಾಕ ಚೆಲ್ಲಿದಂತಿದೆ.
"ಹಳೇದಾದರೆ ಹೀಗೇ" ಎನ್ನುತ್ತಾಳೆ ಪಂಕಜ.
ತಿದ್ದಿಲ್ಲ.

ಮೊನ್ನೆ ಶನಿವಾರ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು.
ಹಿಂದೆ ಮರಿಮಗ, ಟವೆಲಿನಲ್ಲಿ ಸುತ್ತಿದ ಕಟ್ಟು.
ಬಿಚ್ಚಿದೆ. ಬಿಳಿ ಬಿಳಿಯಾಗಿಯೇ ಇತ್ತು.
ಒಂದು ಕಲೆಯಿಲ್ಲ.
"ನೀ ಯೋಳಿದ್ ನೂರು ಪೋಟಕ್ಕಾ, ನಂಗಾ?
ಒಂಟೋಯ್ತೀನಿ ಅಂತ ಕಾದು ಕಾದು ಸಾಕಾಯ್ತು.
ಇದ್ನ ಇಟ್ರೆ ಯಾವ್ಳೋ ಸೊಸೆ ಅಂತಾರೆ.
ಬ್ಯಾರೆ ತೆಗಿ."

ಪರದೆ ಗೆದ್ದಲು ಹಿಡಿದು ಹೋಯಿತು ಎಂದೋ.
ಬರೀ ಗೋಡೆಗೆ ಕೂರಿಸಿದೆ.
ಅದೇ ಕೊರಳು, ಅದೇ ನೋಟ. ಈ ಸಲವೂ ನಗಲಿಲ್ಲ.
ಮಷೀನು ಒಂದು ನಿಮಿಷಕ್ಕೆ ನಾಲಿಗೆ ಚಾಚಿತು.
ಬೆರಳಲ್ಲಿ ಸವರಿ ನೋಡಿದಳು:
"ನೀರೇ ಮುಟ್ಟಿಸ್ನಿಲ್ವಲ್ಲೊ."
"ಈಗ ನೀರು ಬೇಡ ಕಣವ್ವ."
"ಎಷ್ಟ್ ವರ್ಸ ಬಾಳ್ತದೆ?"

ಕೆಳಗೆ ಕಾಫಿಬೀಜ ಹುರಿಯುವ ಡ್ರಮ್ಮು ತಿರುಗುತ್ತಿತ್ತು.
ಒದ್ದೆಯಾಗದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡೆ.
"ಗೊತ್ತಿಲ್ಲ" ಎಂದೆ.

"ಅಂಗಾದ್ರೆ ಎಲ್ಡ್ ಆಕು."